ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಕತ್ತಲೆ ಕಟ್ಟುವ ಶಂಶಾದ್‌ಬೀ

ಸೂರ್ಯ ಇನ್ನೂ ಪೂರ್ತಿ ಮೇಲೆ ಬಂದಿಲ್ಲ. ಸಿಂಧನೂರಿನ ಹೊರಗೆ, ಮಸ್ಕಿ ರಸ್ತೆಗೆ ಅಂಟಿಕೊಂಡ ಅಕ್ಕಿ ಗಿರಣಿಯ ಹಳೇ ಗೋದಾಮಿನೊಳಗೆ ಹೋಗಿ ಶಂಶಾದ್‌ಬೀ ಬಾಗಿಲು ಹಾಕಿಕೊಳ್ಳುತ್ತಾರೆ. ದೀಪ ಹಚ್ಚುವುದಿಲ್ಲ. ನಟ್ಟನಡುವೆ ನಿಂತು ಕತ್ತೆತ್ತಿ ಕಾಯುತ್ತಾರೆ. ಸ್ವಲ್ಪ ಹೊತ್ತಿಗೆ ಮೂಡಣ ಗೋಡೆಯ ತಗಡಿನಲ್ಲಿ ಒಂದು ಚುಕ್ಕಿ ಹೊಳೆಯುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು. ಮೊಳೆ ಕಿತ್ತುಹೋದ ತೂತು, ತುಕ್ಕು ತಿಂದ ತೂತು, ತಗಡಿಗೆ ತಗಡು ಕೂಡುವಲ್ಲಿ ಬಿಟ್ಟ ಸಂದು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಅವರು ಏಣಿ ಸರಿಸಿ ಹತ್ತುತ್ತಾರೆ. ಸೊಂಟಕ್ಕೆ ಸಿಕ್ಕಿಸಿದ ಗೋಣಿಚಿಂದಿಯನ್ನು ಬೆರಳಲ್ಲಿ ಹೊಸೆದು ತೂತಿಗೆ ತುರುಕುತ್ತಾರೆ. ಇಳಿಯುತ್ತಾರೆ, ಮತ್ತೆ ಏಣಿ ಸರಿಸುತ್ತಾರೆ.

“ಬ್ಯಾಟರಿ ಹಿಡ್ಕೊಂಡು ಹುಡುಕಿದ್ರ ತೂತು ಸಿಗಂಗಿಲ್ಲ. ಕತ್ತಲಾಗ ಸುಮ್ನ ನಿಂತ್ರ ತಾವ ಕರೀತಾವ,” ಎನ್ನುತ್ತಾರೆ ಏಣಿಯ ಮೇಲಿನಿಂದ. ಐವತ್ತು ದಾಟಿದ ಹೆಂಗಸು. ಕೈಬೆರಳ ತುದಿಗಳೆಲ್ಲ ದಬ್ಬಣ ಚುಚ್ಚಿ ಗಟ್ಟಿಯಾಗಿವೆ.

ಇವತ್ತು ದೀಪಾವಳಿ ಕಳೆದು ತಿಂಗಳಿಗೆ ಬರುವ ಛಟ್ಟಿ ಅಮಾವಾಸ್ಯೆ. ಈ ಕಡೆ ಅಮಾವಾಸ್ಯೆ ಎಂದರೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹಮಾಲರು ಚೀಲ ಎತ್ತುವುದಿಲ್ಲ, ಗಿರಣಿ ತಿರುಗುವುದಿಲ್ಲ. ದೊಡ್ಡವರ ಕೆಲಸ ನಿಲ್ಲುವ ಆ ಒಂದು ದಿನ ಶಂಶಾದ್‌ಬೀ ಮಕ್ಕಳಿಗೆ ಸಿನಿಮಾ ತೋರಿಸುತ್ತಾರೆ. ಭತ್ತ ಕೊಯ್ಯಲು ಬಂದವರ ಮಕ್ಕಳು, ಹಮಾಲರ ಮಕ್ಕಳು, ಕುರಿ ಕಾಯುವವರ ಮಕ್ಕಳು, ಕಾಲುವೆ ದಂಡೆಯ ಜೋಪಡಿಗಳ ಮಕ್ಕಳು ಬರುತ್ತಾರೆ. ಜವಳಗೇರಾ, ಸಾಲಗುಂದದ ಕಡೆಯವರು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬರುತ್ತಾರೆ. ಕಮ್ಮಿಯೆಂದರೂ ಅರವತ್ತು ಮಂದಿ. ಟಿಕೆಟ್ ಇಲ್ಲ. ಆಟ ಮಧ್ಯಾಹ್ನ ಹನ್ನೆರಡಕ್ಕೆ. ಹೊತ್ತು ಮುಳುಗಿದ ಮೇಲೆ ಜೋಪಡಿಯ ತಾಯಂದಿರು ಹೆಣ್ಣುಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಅದಕ್ಕೇ ಹಾಡಹಗಲಲ್ಲಿ ಕತ್ತಲೆ ಮಾಡಿಕೊಳ್ಳಬೇಕು.

ಈ ಸಲದ ಅಮಾವಾಸ್ಯೆಗೆ ಇನ್ನೊಂದು ವಿಶೇಷವಿದೆ. ಒಂದು ವರ್ಷದಿಂದ ಇತ್ತ ತಲೆ ಹಾಕದ ಮಸ್ಕಿಯ ಮಕ್ಕಳು ಇವತ್ತು ಬರುತ್ತಾರಂತೆ. ಕರೆತರುವವನು ಲಿಂಗಸುಗೂರಿನ ಪಂಪಾಪತಿ. ಆ ಹೆಸರು ಬಂದರೆ ಶಂಶಾದ್‌ಬೀ ಅವರ ಬೆರಳು ಚಿಂದಿಯನ್ನು ಅಗತ್ಯಕ್ಕಿಂತ ಜೋರಾಗಿ ಹೊಸೆಯುತ್ತದೆ. ಶಂಶಾದ್‌ಬೀ ಅವರ ಬಗ್ಗೆ ಬರೆಯುತ್ತೇನೆಂದು ನಾನು ಮೊದಲ ಸಲ ಕೇಳಿದಾಗಲೂ ಅವರು ಕೇಳಿದ್ದು ಒಂದೇ ಪ್ರಶ್ನೆ: “ನೀ ಪಂಪಾಪತೀ ಕಡೆಯಾಕಿ ಅಲ್ಲಲ್ಲ, ಬೇಟಾ?”

ಹೊಟ್ಟೆಕಿಚ್ಚನ್ನು ಅವರು ಮುಚ್ಚಿಡುವುದಿಲ್ಲ. ಬಿ.ಪಿ. ಐತಿ, ಮಂಡಿನೋವು ಐತಿ ಎಂದು ಹೇಳುವ ದನಿಯಲ್ಲೇ ಅದನ್ನೂ ಹೇಳುತ್ತಾರೆ.

ಗೋದಾಮಿನ ಬಾಗಿಲಿಗೆ ಇಳಿಬಿಟ್ಟಿರುವ ದಪ್ಪ ಪರದೆಯಿಂದ ಅವರ ಕಥೆ ಶುರುವಾಗುತ್ತದೆ. ಒಂದು ಕಾಲಕ್ಕೆ ಕಡುಗೆಂಪು ಇದ್ದಿರಬೇಕು, ಈಗ ಯಾವ ಬಣ್ಣವೆಂದು ಹೇಳುವುದು ಕಷ್ಟ. ಅಂಚು ಹಿಡಿದು ಹಿಡಿದು ಒಂದು ಕಡೆ ಮಾತ್ರ ಜಿಡ್ಡಿನಿಂದ ಹೊಳೆಯುತ್ತದೆ. ಆ ಜಿಡ್ಡು ಬಹುಪಾಲು ಶಂಶಾದ್‌ಬೀ ಅವರ ಅಂಗೈಯದು. ಸಿಂಧನೂರಿನಲ್ಲಿ ಈಗ ಅಂಗಡಿ ಸಾಲು ಎದ್ದಿರುವ ಒಂದು ಜಾಗದಲ್ಲಿ ಮೊದಲು ಟಾಕೀಸು ಇತ್ತು. ಅದರ ಹೆಂಗಸರ ಗೇಟಿಗೆ ಅವರು ಗೇಟ್‌ಕೀಪರ್. ಗಂಡ ಗೌಸ್‌ಸಾಬ್ ಅಲ್ಲೇ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುತ್ತಿದ್ದರು.

ಬಾಗಿಲಿಗೂ ಪರದೆಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ತಡವಾಗಿ ಬಂದ ಹೆಂಗಸರನ್ನು ಒಳಗೆ ಬಿಡುವುದು, ಅಳುವ ಕೂಸನ್ನು ಎತ್ತಿಕೊಂಡು ಹೊರಬರುವವರಿಗೆ ದಾರಿ ಮಾಡುವುದು, ಅಷ್ಟರಲ್ಲಿ ಹೊರಗಿನ ಬಿಸಿಲು ಒಳಗಿನ ಚಿತ್ರದ ಮೇಲೆ ಬೀಳದಂತೆ ನೋಡಿಕೊಳ್ಳುವುದು ಅವರ ಕೆಲಸ. ಒಂದು ಕೈ ಬಾಗಿಲಿಗೆ, ಒಂದು ಕೈ ಪರದೆಗೆ. ಎರಡೂ ಒಟ್ಟಿಗೆ ತೆರೆಯಬಾರದು. ಮದುವೆಯಾಗಿ ಬಂದ ವರ್ಷದಿಂದ ಟಾಕೀಸು ಮುಚ್ಚುವವರೆಗೆ ಅವರು ನಿಂತದ್ದು ಅಲ್ಲಿಯೇ. ಸಿನಿಮಾಗಳನ್ನೆಲ್ಲ ಕೇಳಿದ್ದಾರೆ. ನೋಡಿದ್ದು ಚೂರುಪಾರು, ಪರದೆ ಸರಿಸಿದಾಗ ಕಂಡಷ್ಟು.

“ಒಳಗಿನ ಮಂದಿ ಒಮ್ಮೆಲೆ ನಗೋರು. ಯಾಕ ನಕ್ರು ಅಂತ ನನಗ ತಿಳೀತಿರಲಿಲ್ಲ. ಆಟ ಬಿಟ್ಟ ಮ್ಯಾಲ ಕಣ್ಣು ಒರಸ್ಕೋತ ಹೋಗೋರು. ಯಾರು ಸತ್ರು ಅಂತ ಕೇಳಾಕ ಬರ್ತದೇನು? ಅವರ ಅಳು ನೋಡಿ ನನಗ ಹೊಟ್ಟಿ ಉರೀತಿತ್ತು. ಮಂದಿ ನಗೋದಕ್ಕ ಉರ್ಕೊಳ್ಳೋರು ಇದ್ದಾರ. ಅಳೋದಕ್ಕೂ ಉರ್ಕೊಂಡಾಕಿ ನಾ ಒಬ್ಬಾಕಿ.”

ಟಾಕೀಸು ಕೆಡವುವ ಹೊತ್ತಿಗೆ ಮಾಲೀಕರು ಕೆಲಸದವರನ್ನೆಲ್ಲ ಕರೆದು ನಿಮಗೆ ಬೇಕಾದದ್ದು ಒಯ್ಯಿರಿ ಅಂದರಂತೆ. ಒಬ್ಬರು ಫ್ಯಾನು ಒಯ್ದರು, ಒಬ್ಬರು ಕುರ್ಚಿಗಳನ್ನು ಒಯ್ದರು. ಶಂಶಾದ್‌ಬೀ ಈ ಪರದೆಯನ್ನು ಬಿಚ್ಚಿಕೊಂಡು ತಲೆಯ ಮೇಲೆ ಹೊತ್ತು ಮನೆಗೆ ಬಂದರು. ಮೂಲೆಯಲ್ಲಿ ಪ್ರೊಜೆಕ್ಟರಿಗೆ ವೈರು ಸಿಕ್ಕಿಸುತ್ತಿದ್ದ ಗೌಸ್‌ಸಾಬ್ ಈ ಮಾತಿಗೆ ನಡುವೆ ಬಾಯಿ ಹಾಕುತ್ತಾರೆ. “ಮಂದಿ ಹೇಂತೇರು ಫ್ಯಾನು ತಂದ್ರು. ನಮ್ಮಾಕಿ ಧೂಳು ತಂದ್ಲು. ಮೂರು ದಿನ ಇಡೀ ಓಣಿ ಸೀನಿತು.”

ಟಾಕೀಸು ಹೋದ ಮೇಲೆ ಗೌಸ್‌ಸಾಬ್ ಪಂಕ್ಚರ್ ಅಂಗಡಿ ಹಾಕಿದರು. ಶಂಶಾದ್‌ಬೀ ಈ ಗಿರಣಿಯಲ್ಲಿ ಹರಿದ ಗೋಣಿಚೀಲ ಹೊಲಿಯುವ ಕೂಲಿಗೆ ಸೇರಿದರು. ಇವತ್ತಿಗೂ ಅದೇ ಕೆಲಸ. ಬೆಳಿಗ್ಗೆ ಎಂಟರಿಂದ ಹೊತ್ತು ಮುಳುಗುವವರೆಗೆ ಚೀಲದ ರಾಶಿಯ ನಡುವೆ ಕೂತು ದಬ್ಬಣದಲ್ಲಿ ತೂತು ಮುಚ್ಚುವುದು. ಸೂರು ಸೋರುತ್ತದೆಂದು ಈ ಗೋದಾಮಿನಲ್ಲಿ ಈಗ ಅಕ್ಕಿ ಇಡುವುದಿಲ್ಲ, ಹರಿದ ಚೀಲಗಳನ್ನಷ್ಟೇ ಒಟ್ಟುತ್ತಾರೆ.

ಹೊಲಿಯುವಾಗ ಹಮಾಲರ ಮಕ್ಕಳು ಸುತ್ತ ಕೂರುತ್ತಿದ್ದವು. ಅವಕ್ಕೆ ಟಾಕೀಸಿನಲ್ಲಿ ಕೇಳಿದ ಕಥೆಗಳನ್ನು ಹೇಳಿದರು. ತಾವು ಕಂಡದ್ದು ಚೂರುಗಳೇ ಆದ್ದರಿಂದ ಕಥೆ ಅಲ್ಲಲ್ಲಿ ಕಡಿಯುತ್ತಿತ್ತು. ಆಮೇಲೆ ಏನಾತು ಎಂದು ಮಕ್ಕಳು ಕೇಳಿದರೆ ಉತ್ತರವಿಲ್ಲ. ಹಾಗೆ ಕೇಳಿ ಕೇಳಿ ಕಾಡಿದ ಮೇಲೆ, ಮುಚ್ಚಿಹೋದ ಕಂಪ್ಯೂಟರ್ ಕ್ಲಾಸೊಂದರ ಹಳೇ ಪ್ರೊಜೆಕ್ಟರನ್ನು ಗೌಸ್‌ಸಾಬ್ ಹುಡುಕಿ ತಂದರು. ಮಕ್ಕಳ ಸಿನಿಮಾಗಳನ್ನು ಹಂಚುವ ಒಂದು ಸಂಘದವರು ಪೆನ್‌ಡ್ರೈವ್ ಕಳಿಸುತ್ತಾರೆ. ಗಿರಣಿಯವರು ಅಮಾವಾಸ್ಯೆಗೊಮ್ಮೆ ಕೀಲಿ ಕೊಡುತ್ತಾರೆ. ತಗಡು ಕಾಯುವ ಬೇಸಿಗೆಯಲ್ಲಿ ಆಟ ಇಲ್ಲ. ಉಳಿದಂತೆ ಏಳು ವರ್ಷಗಳಿಂದ ನಡೆದುಬಂದಿದೆ.

ಈಗಿನ ಮಕ್ಕಳಿಗೆ ಸಿನಿಮಾ ಹೊಸದೇ ಎಂದು ಯಾರಾದರೂ ಕೇಳಬಹುದು. ಅಪ್ಪನ ಫೋನಿನಲ್ಲಿ ಎಲ್ಲವನ್ನೂ ನೋಡಿರುತ್ತಾರಲ್ಲ. ಶಂಶಾದ್‌ಬೀ ಒಪ್ಪುವುದಿಲ್ಲ. “ಫೋನಿನಾಗ ಹುಡುಗೂರು ಮನಷ್ಯಾರ್ನ ಬೆರಳಿಲೆ ಸರಿಸಿ ಒಗೀತಾವ. ಬ್ಯಾಸರಾತು, ಸರಿಸು. ಇಲ್ಲಿ ಕುದುರಿ ಮ್ಯಾಲ ಬಂತಂದ್ರ ಎಲ್ಲಿ ಸರಿಸ್ತಿ? ನೀನ ಹಿಂದಕ ಸರೀಬೇಕು.”

ಅದಕ್ಕೆ ಅವರದೇ ಒಂದು ಕ್ರಮವಿದೆ. ಹೊಸದಾಗಿ ಬಂದ ಮಗುವನ್ನು ಗುಂಪಿನಲ್ಲಿ ನುಗ್ಗಲು ಬಿಡುವುದಿಲ್ಲ. ಹಳಬರೆಲ್ಲ ಕೂತು, ಒಳಗೆ ಚಿತ್ರ ಶುರುವಾದ ಮೇಲೆ, ಒಂದೊಂದೇ ಹೊಸ ಮಗುವನ್ನು ಕರೆದು ಬಾಗಿಲಿಗೂ ಪರದೆಗೂ ನಡುವಿನ ಜಾಗದಲ್ಲಿ ತಮ್ಮ ಪಕ್ಕ ನಿಲ್ಲಿಸಿಕೊಳ್ಳುತ್ತಾರೆ. ಬಾಗಿಲು ಮುಚ್ಚುತ್ತಾರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಇಬ್ಬರೂ ಮಾತಿಲ್ಲದೆ ನಿಲ್ಲಬೇಕು. ಒಳಗಿನ ಸದ್ದು ಮಾತ್ರ ಕೇಳುತ್ತದೆ. ಆಮೇಲೆ ಪರದೆ ಸರಿಸುತ್ತಾರೆ. ಆಗ ಅವರು ಚಿತ್ರವನ್ನು ನೋಡುವುದಿಲ್ಲ. ಬಗ್ಗಿ ಮಗುವಿನ ಮುಖ ನೋಡುತ್ತಾರೆ.

“ಬಾಯಿ ತೆರೀತಾವ. ಕೆಲವು ನನ್ನ ಸೀರಿ ಹಿಡ್ಕೋತಾವ. ಒಂದು ಹುಡುಗಿ ಸಲಾಂ ಮಾಡಿತ್ತು. ಅದನ್ನ ನೋಡ್ತೀನಿ, ನೋಡಿದಷ್ಟೂ ಹೊಟ್ಟಿ ಉರೀತೈತಿ. ನನಗ ಹಂಗ ಯಾರೂ ನಿಲ್ಲಿಸಿ ತೋರಿಸ್ಲಿಲ್ಲಲ್ಲ. ನಾ ಮೊದಲ್ನೇ ಸಲ ಸಿನಿಮಾ ಕಂಡಾಗ ಒಂದು ಕೈಯಾಗ ಟಿಕೆಟ್ ಚೂರಿದ್ವು, ಇನ್ನೊಂದು ಕೈಯಾಗ ಮಂದಿ ಕೂಸಿತ್ತು. ಅದೂ ಇಂಟ್ರವಲ್ ಆದ ಮ್ಯಾಲಿನ ಸಿನಿಮಾ.”

ಗೋದಾಮಿನ ಸುತ್ತ ಈ ಉರಿ ಒಬ್ಬರದಷ್ಟೇ ಅಲ್ಲ. ಆಟವಿರುವ ದಿನ ತಾಯಂದಿರು ಮಕ್ಕಳನ್ನು ಬಿಡಲು ಬಂದು ಹೊರಗೇ ಉಳಿಯುತ್ತಾರೆ. ದೊಡ್ಡವರಿಗೆ ಪ್ರವೇಶವಿಲ್ಲ. ಬಳ್ಳಾರಿ ಕಡೆಯಿಂದ ಭತ್ತ ಕೊಯ್ಯಲು ಬಂದಿರುವ ಗದ್ದೆಮ್ಮ, ಮಗಳು ಅಂಜಲಿಯನ್ನು ಕಳಿಸಿ ತಾನು ತಗಡಿಗೆ ಕಿವಿ ಹಚ್ಚಿ ನಿಲ್ಲುತ್ತಾಳೆ. ಇವತ್ತೂ ಹತ್ತು ಗಂಟೆಗೇ ಬಂದು ವರಾತ ಶುರುಮಾಡಿದ್ದಾಳೆ.

“ನಮ್ಮನ್ನೂ ಬಿಡ್ರಿ ಬೂಬಮ್ಮ. ನಾ ಎಷ್ಟು ಜಾಗಾ ಹಿಡೀತೀನಿ?”

“ಜಾಗಾ ಹಿಡಿಯಂಗಿಲ್ಲ, ಬಾಯಿ ಹಿಡಿಯಂಗಿಲ್ಲ ನೀ. ಮುಂದ ಕುಂತು ಎಲ್ಲಾ ಹೇಳಿಬಿಡ್ತಿ.”

“ಮಗಳು ಮನಿಗೆ ಬಂದು ಏನೂ ಹೇಳಂಗಿಲ್ರಿ. ಕೇಳಿದ್ರ, ನಿನಗ ತಿಳಿಯಂಗಿಲ್ಲ ಬೇ ಅಂತಾಳ. ಆರು ವರ್ಷದ್ದು.”

ಶಂಶಾದ್‌ಬೀ ನಗುವುದಿಲ್ಲ. ಆ ಮಾತು ಅವರಿಗೆ ತೀರ ಪರಿಚಿತ.

ಪಂಪಾಪತಿಯದು ಲಿಂಗಸುಗೂರಿನಲ್ಲಿ ಮದುವೆ, ಸಮಾರಂಭಗಳಿಗೆ ದೊಡ್ಡ ಎಲ್‌ಇಡಿ ಸ್ಕ್ರೀನ್ ಬಾಡಿಗೆಗೆ ಕೊಡುವ ಕಸುಬು. ಎರಡು ವರ್ಷದ ಹಿಂದೆ ಯಾವುದೋ ಮದುವೆ ಮುಗಿಸಿ ಹಿಂದಿರುಗುವಾಗ ಈ ಗೋದಾಮಿನ ಮುಂದೆ ಮಕ್ಕಳ ಚಪ್ಪಲಿ ರಾಶಿ ಕಂಡು ಗಾಡಿ ನಿಲ್ಲಿಸಿದ. ಒಳಗೆ ಬಂದು ನೋಡಿದ, ಖುಷಿಪಟ್ಟ, ಶಂಶಾದ್‌ಬೀ ಅವರ ಕಾಲಿಗೆ ನಮಸ್ಕರಿಸಿ ಹೋದ. ಮುಂದೆ ಕೆಲವೇ ದಿನಕ್ಕೆ ತಾನೂ ಶುರುಮಾಡಿದ. ಅಮಾವಾಸ್ಯೆಗೆ ಮದುವೆಗಳಿರುವುದಿಲ್ಲ, ಸ್ಕ್ರೀನ್ ಸುಮ್ಮನೆ ಬಿದ್ದಿರುತ್ತದೆ. ಅವನೂ ಅಮಾವಾಸ್ಯೆಯನ್ನೇ ಹಿಡಿದ. ಲಿಂಗಸುಗೂರಿನಲ್ಲಿ ಮಾಡಿಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅವನು ಮಸ್ಕಿಗೆ ಬಂದ.

ಮಸ್ಕಿಯಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನ ಕೂಲಿಗಳ ಮಕ್ಕಳು ಅಲ್ಲಿಯವರೆಗೆ ಶಂಶಾದ್‌ಬೀ ಅವರ ಪಾಲು. ಜಿನ್ನಿನ ಟೆಂಪೋ ಚಾಲಕ ಜಂಗ್ಲಿಸಾಬ್ ಅಮಾವಾಸ್ಯೆಗೊಮ್ಮೆ ಅವರನ್ನು ತುಂಬಿಕೊಂಡು ಬರುತ್ತಿದ್ದ. ಅವರಿಗಾಗಿ ಮುಂದಿನ ಸಾಲಿನಲ್ಲಿ ಒಂದು ಹಸಿರು ಚಾಪೆ ಮೀಸಲು. ಹೋದ ವರ್ಷ ದೀಪಾವಳಿ ಅಮಾವಾಸ್ಯೆಗೆ ಟೆಂಪೋ ಬರಲಿಲ್ಲ. ಮಸ್ಕಿಯಲ್ಲೇ ಪಂಪಾಪತಿಯ ಆಟ ಇದೆ, ಊರು ಬಿಟ್ಟು ಯಾಕೆ ಬರಬೇಕು ಎಂದು ಜಂಗ್ಲಿಸಾಬ್ ಫೋನು ಮಾಡಿ ಹೇಳಿದ. ಹಿಂದಿನ ಸಾಲುಗಳ ಮಕ್ಕಳು ಇಕ್ಕಟ್ಟಿನಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದರೂ ಶಂಶಾದ್‌ಬೀ ಆ ಹಸಿರು ಚಾಪೆಯ ಮೇಲೆ ಯಾರನ್ನೂ ಕೂರಿಸಲಿಲ್ಲ. ಇಡೀ ಆಟ ಚಾಪೆ ಖಾಲಿ ಬಿದ್ದಿತ್ತು. ಪಂಪಾಪತಿಗೆ ಲಿಂಗಸುಗೂರಿನಲ್ಲಿ ಶಾಲು ಹೊದಿಸಿದ ಫೋಟೋವನ್ನು ಅದೇ ವಾರ ಯಾರೋ ಅವರಿಗೆ ತೋರಿಸಿದರು. “ಶಾಲು ಹಸರದ್ದ ಇತ್ತು,” ಎಂದಷ್ಟೇ ಹೇಳಿ ಅವರು ಆ ವಿಷಯ ಬಿಡುತ್ತಾರೆ.

ಆ ಉರಿಯಲ್ಲೇ ಅವರು ಒಂದು ತಪ್ಪು ಮಾಡಿದರು. ಅವನ ಆಟ ಎರಡೂವರೆಗೆ ಮುಗಿಯುತ್ತದೆ. ತಮ್ಮ ಆಟವನ್ನು ನಾಲ್ಕಕ್ಕೆ ಇಟ್ಟರೆ ಮಸ್ಕಿಯ ಮಕ್ಕಳು ಅಲ್ಲಿ ನೋಡಿ ಇಲ್ಲಿಗೂ ಬರಬಹುದು, ಬಂದರೆ ಯಾವುದು ಹೆಚ್ಚು ಎಂದು ಅವರಿಗೇ ತಿಳಿಯುತ್ತದೆ. ಹೋದ ವರ್ಷದ ಛಟ್ಟಿ ಅಮಾವಾಸ್ಯೆಗೆ ಹಾಗೇ ಮಾಡಿದರು. ಜಂಗ್ಲಿಸಾಬ್‌ಗೆ ಗೋಗರೆದು ಟೆಂಪೋ ತರಿಸಿದರು. ಹಸಿರು ಚಾಪೆ ತುಂಬಿತು.

ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ನಾಯಕನ ಕೆನ್ನೆಯ ಮೇಲೆ ರೊಟ್ಟಿಯಷ್ಟಗಲದ ಬಿಸಿಲು ಬಿತ್ತು. ಹಣೆಯ ಮೇಲೊಂದು, ಎದೆಯ ಮೇಲೆ ಮೂರು. ಅಲ್ಲಿಯವರೆಗೆ ಅವರು ತೂತು ಹುಡುಕಿದ್ದು ಮುಂಜಾನೆಯ ಸೂರ್ಯನನ್ನು ನಂಬಿ. ಮೂಡಣ ಗೋಡೆಯನ್ನು ಬೆಳಿಗ್ಗೆ, ಸೂರನ್ನು ಹತ್ತು ಗಂಟೆಗೆ ನೋಡುತ್ತಿದ್ದರು. ಆಟ ಮೂರರೊಳಗೆ ಮುಗಿಯುತ್ತಿದ್ದರಿಂದ ಪಡುವಣ ಗೋಡೆ ಎಷ್ಟು ಜಾಳಾಗಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಸ್ಕ್ರೀನ್ ಇದ್ದದ್ದು ಅದರ ಎದುರಿಗೆ. ಏಣಿ ಹಾಕಿ ಒಂದು ತೂತು ಮುಚ್ಚುವಷ್ಟರಲ್ಲಿ ಸೂರ್ಯ ಇನ್ನೆರಡು ತೋರಿಸಿದ. ಮಕ್ಕಳು ಸಿನಿಮಾ ಬಿಟ್ಟು ಬಿಸಿಲಿನ ಕೋಲಿಗೆ ಕೈಯೊಡ್ಡಿ ಗೋಡೆಯ ಮೇಲೆ ನಾಯಿ, ಹಕ್ಕಿಯ ನೆರಳು ಬಿಡತೊಡಗಿದರು. ನಕ್ಕು ನಕ್ಕು ಸಾಕಾದ ಮೇಲೆ ಮಸ್ಕಿಯ ಒಂದು ಹುಡುಗಿ ಸಮಾಧಾನ ಹೇಳುವಂತೆ ಹೇಳಿದಳು: “ನಮ್ಮೂರಾಗ ಕಿಟಕಿ ತೆಗೆದಿದ್ರೂ ಚೊಲೊ ಕಾಣ್ತೈತ್ರಿ ಚಾಚಿ.”

ಆಮೇಲೆ ಮಸ್ಕಿಯ ಟೆಂಪೋ ಬರಲಿಲ್ಲ.

ಆಷಾಢದಲ್ಲಿ ಮದುವೆಗಳಿಲ್ಲದೆ ಪಂಪಾಪತಿ ಲಿಂಗಸುಗೂರಿನಲ್ಲಿ ವಾರಕ್ಕೊಂದು ಆಟ ಇಟ್ಟಿದ್ದ. ಒಂದು ಭಾನುವಾರ ಶಂಶಾದ್‌ಬೀ ಗಂಡನಿಗೆ ಹೇಳದೆ ಬಸ್ಸು ಹತ್ತಿದರು. ಮಸ್ಕಿ ಬಂದಾಗ ಕಿಟಕಿಯ ಕಡೆ ನೋಡಲಿಲ್ಲವಂತೆ. ಆಟ ಇದ್ದದ್ದು ಲಿಂಗಸುಗೂರಿನ ಒಂದು ಸಭಾಭವನದಲ್ಲಿ. ಸೆರಗು ಮುಖಕ್ಕೆ ಎಳೆದುಕೊಂಡು ಒಳಹೊಕ್ಕರು. ಗೋಡೆಯಷ್ಟು ದೊಡ್ಡ ಸ್ಕ್ರೀನ್, ಎದೆಗೆ ಬಡಿಯುವ ಸದ್ದು, ಮಕ್ಕಳಿಗೆ ಕೂರಲು ಕುರ್ಚಿ, ತಣ್ಣನೆಯ ನೀರು. ಕಿಟಕಿಗಳೆಲ್ಲ ತೆರೆದಿವೆ, ಆದರೂ ಚಿತ್ರ ಹೊಳೆಯುತ್ತಿದೆ. ಅವನ ಸ್ಕ್ರೀನಿಗೆ ಕತ್ತಲೆಯೇ ಬೇಕಿಲ್ಲ.

“ಇಷ್ಟು ವರ್ಷ ನಾ ಮುಚ್ಚಿದ್ದೆಲ್ಲಾ ಅವನಿಗೆ ಬ್ಯಾಡಾಗಿತ್ತು, ಬೇಟಾ. ಅದನ್ನ ನೋಡಿ ಮೊದಲ್ನೇ ಸಲ ಉರಿ ಬಿಟ್ಟು ಅಂಜಿಕಿ ಬಂತು.”

ಆಟದ ನಡುವೆ ಪಂಪಾಪತಿ ಹತ್ತಿರ ಬಂದು ಚಾಚಿ ಎಂದು ಕರೆದ. ಮುಖ ಮುಚ್ಚಿದ್ದರೂ ಹೇಗೆ ಗುರುತು ಹಿಡಿದೆ ಎಂದು ಅವರು ಕೇಳಿದರು. ಅವನ ಉತ್ತರವನ್ನು ಅವರು ಅವನದೇ ದನಿಯಲ್ಲಿ ಹೇಳಿ ತೋರಿಸುತ್ತಾರೆ: “ಇಷ್ಟು ದೊಡ್ಡ ಸ್ಕ್ರೀನಿಗೆ ಬೆನ್ನು ಮಾಡಿ, ಬಾಗಿಲಾಗ ನಿಂತು ಹುಡುಗೂರ ಮುಖಾ ನೋಡಾಕತ್ತೀರಿ. ನಿಮ್ಮನ್ನ ಬಿಟ್ಟು ಮತ್ತ್ಯಾರು ಹಂಗ ನಿಲ್ತಾರ?”

ಅವರು ನಿಜವಾಗಿ ಹಾಗೇ ನಿಂತಿದ್ದರು. ಖಾಲಿ ಕುರ್ಚಿಗಳಿದ್ದರೂ ಕೂರಬೇಕೆಂದು ಹೊಳೆದಿರಲಿಲ್ಲ.

ಆ ದಿನ ಚಹಾ ಕುಡಿಯುತ್ತ ಪಂಪಾಪತಿ ತನ್ನ ಉರಿಯನ್ನೂ ಹೇಳಿಕೊಂಡ. ತನ್ನ ಆಟದಲ್ಲಿ ಮಕ್ಕಳು ಬರುತ್ತಾರೆ, ಹೋಗುತ್ತಾರೆ, ಬಿಸ್ಕತ್ತು ತಿನ್ನುತ್ತಾರೆ, ಕಿಟಕಿಯಿಂದ ಹಣಿಕಿ ಹಾಕುತ್ತಾರೆ. ಗೋದಾಮಿನಲ್ಲಿ ಅಂದು ತಾನು ಕಂಡ ಮುಖಗಳು ಇಲ್ಲಿ ಒಂದೂ ಸಿಗುವುದಿಲ್ಲ. ಆ ಬಾಗಿಲ ಪರದೆಯನ್ನು ತನಗೆ ಕೊಡಿ ಎಂದು ಕೇಳಿದ. ಕೊಡುವುದಿಲ್ಲ ಎಂದರು. ಹಾಗಾದರೆ ಇನ್ನೊಂದು ಮಾಡೋಣ ಎಂದ. ಹತ್ತಿ ಬಿಡಿಸುವ ಕಾಲಕ್ಕೆ ಮಸ್ಕಿಗೆ ಪ್ರತಿ ವರ್ಷ ಹೊಸ ಕುಟುಂಬಗಳು ಬರುತ್ತವೆ. ಆ ಹೊಸ ಮಕ್ಕಳಿಗೆ ತಾನು ಏನೂ ತೋರಿಸುವುದಿಲ್ಲ. ಮೊದಲ ಸಲ ತನ್ನದೇ ಗಾಡಿಯಲ್ಲಿ ಸಿಂಧನೂರಿಗೆ ಕರೆತರುತ್ತಾನೆ. ಆ ಪರದೆ ದಾಟಿದ ಮೇಲೆ ಅವರು ಯಾರ ಆಟಕ್ಕೆ ಬೇಕಾದರೂ ಹೋಗಲಿ. ಶಂಶಾದ್‌ಬೀ ಒಪ್ಪಿದರು. ಬದಲಿಗೆ ತಮ್ಮದೂ ಒಂದು ಆಸೆ ಹೇಳಿದರು. ಆ ದಿನ ಪರದೆ ಅವನು ಹಿಡಿಯಬೇಕು. ತಾವು ಒಂದು ಸಿನಿಮಾ ಮೊದಲಿಂದ ಕೊನೆಯವರೆಗೆ ಕೂತು ನೋಡಬೇಕು.

ಆ ದಿನ ಇವತ್ತು.

ಹನ್ನೊಂದೂವರೆ ಆಗುತ್ತದೆ. ಜವಳಗೇರಾದ ಟ್ರ್ಯಾಕ್ಟರ್ ಬಂದಾಯಿತು. ಮಕ್ಕಳು ತಂತಮ್ಮ ಚಾಪೆಗಾಗಿ ನೂಕಾಡುತ್ತಿದ್ದಾರೆ. ಹಸಿರು ಚಾಪೆ ಖಾಲಿ ಇದೆ. ಅಂಜಲಿ ಅದರ ಅಂಚಿಗೆ ಬಂದು ಒಂದು ಕಾಲಿಟ್ಟು, ಶಂಶಾದ್‌ಬೀ ಅವರ ಮುಖ ನೋಡಿ ಹಿಂದಕ್ಕೆ ತೆಗೆಯುತ್ತಾಳೆ.

“ಅವರು ಬರಂಗಿಲ್ಲ ಚಾಚಿ. ಚಾಪಿ ನಮಗ ಕೊಡು.”

“ಬರ್ತಾರ. ನೀ ಸುಮ್ನ ಕುಂದ್ರು.”

ಆದರೆ ಅವರ ಕಿವಿ ರಸ್ತೆಯ ಕಡೆಗಿದೆ. ಬಂದರೂ ಅವರಿಗೆ ನೆಮ್ಮದಿಯಿಲ್ಲ. ಪಂಪಾಪತಿ ಮಾತು ಉಳಿಸಿಕೊಂಡಿದ್ದಾನೆಯೇ? ಹೊಸ ಮಕ್ಕಳಿಗೆ ಮೊದಲೇ ತನ್ನ ಸ್ಕ್ರೀನ್ ತೋರಿಸಿ, ಇಲ್ಲಿಗೆ ಹೆಸರಿಗೆ ಮಾತ್ರ ಕರೆತಂದರೆ? “ತೋರಿಸಿದ್ರ ನನಗ ತಿಳೀತದ. ಪರದಿ ಸರಿಸಿದಾಗ ಮುಖಾ ಹೇಳ್ತದ. ಒಮ್ಮಿ ಕಂಡ ಮುಖಾ ಬ್ಯಾರೆ, ಕಾಣದ ಮುಖಾ ಬ್ಯಾರೆ.”

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಸ್ಕ್ರೀನ್ ಸಾಗಿಸುವ ಪಂಪಾಪತಿಯ ಗಾಡಿ ಬಂದು ನಿಲ್ಲುತ್ತದೆ. ಹಿಂಬಾಗಿಲು ತೆರೆದರೆ ಒಳಗೆ ಮಕ್ಕಳು, ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿಕೊಂಡವರು. ಅವರಲ್ಲಿ ಹಳಬರು ಓಡಿ ಬಂದು ಹಸಿರು ಚಾಪೆ ಹಿಡಿಯುತ್ತಾರೆ. ಹೋದ ವರ್ಷ ಸಮಾಧಾನ ಹೇಳಿದ ಹುಡುಗಿಯೂ ಇದ್ದಾಳೆ. ಬಂದವಳೇ ಪಡುವಣ ಗೋಡೆಯ ಕಡೆ ಕತ್ತೆತ್ತಿ ನೋಡುತ್ತಾಳೆ. ಅಲ್ಲಿ ಗೋಣಿಯ ತೇಪೆಗಳು ಒತ್ತೊತ್ತಾಗಿ ಕೂತಿವೆ. ಹೋದ ವರ್ಷದ ಆ ಆಟದ ಮರುದಿನವೇ ನಾಲ್ಕು ಗಂಟೆಗೆ ಒಳಗೆ ನಿಂತು ಶಂಶಾದ್‌ಬೀ ಮುಚ್ಚಿದವು ಅವು.

ಹೊಸ ಮಕ್ಕಳು ಐವರು. ಅವರನ್ನು ಹೊರಗೆ ನೆರಳಿನಲ್ಲಿ ನಿಲ್ಲಿಸಲಾಗುತ್ತದೆ. ಪಂಪಾಪತಿ ನಲವತ್ತರ ಆಸುಪಾಸಿನ, ನಗುಮುಖದ ಮನುಷ್ಯ. ಶಂಶಾದ್‌ಬೀ ಅವನಿಗೆ ಪರದೆಯ ಅಂಚು ಹಿಡಿಸುತ್ತಾರೆ. ಒಂದು ಕೈ ಬಾಗಿಲಿಗೆ, ಒಂದು ಕೈ ಪರದೆಗೆ, ಎರಡೂ ಒಟ್ಟಿಗೆ ತೆರೆಯಬೇಡ ಎಂದು ಹೇಳಿಕೊಡುತ್ತಾರೆ. ಅವರು ಇನ್ನೂ ಹೇಳುತ್ತಿರುವಾಗ ಗೌಸ್‌ಸಾಬ್ ಒಳಗಿನಿಂದ ಕೂಗುತ್ತಾರೆ. “ಏ ಶಂಶಾದ್, ಅಂವಗ ಗೊತ್ತಾಗೇತಿ. ಬಂದು ಕುಂದ್ರು ಇನ್ನ.”

ಅವರು ಬಂದು ಹಸಿರು ಚಾಪೆಯ ತುದಿಗೆ, ಮಸ್ಕಿಯ ಮಕ್ಕಳ ಪಕ್ಕ ಕೂರುತ್ತಾರೆ. ಸೆರಗು ಸರಿಮಾಡಿಕೊಂಡು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಗೌಸ್‌ಸಾಬ್ ಗುಂಡಿ ಒತ್ತುತ್ತಾರೆ. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಒಂದು ಕುದುರೆಯ ಕಥೆ. ಮೊದಲ ಅಕ್ಷರ ಮೂಡುವುದರಿಂದ ಹಿಡಿದು ಶಂಶಾದ್‌ಬೀ ನೋಡುತ್ತಾರೆ. ಸರ್ಕಸ್ಸಿನ ಡೇರೆ ಬರುತ್ತದೆ, ಬ್ಯಾಂಡು ಬರುತ್ತದೆ, ಕಣ್ಣಿಗೆ ಪಟ್ಟಿ ಕಟ್ಟಿದ ಕುದುರೆ ಬರುತ್ತದೆ. ಮಕ್ಕಳು ನಗುತ್ತಾರೆ. ಅವರೂ ನಗುತ್ತಾರೆ, ಮಕ್ಕಳೊಂದಿಗೇ, ಹಿಂದೆ ಬೀಳದೆ.

ಆಗ ಹಿಂದೆ ಬಾಗಿಲು ಮೆಲ್ಲಗೆ ಕಿರುಗುಟ್ಟಿ ಮುಚ್ಚಿಕೊಳ್ಳುತ್ತದೆ. ಮೊದಲ ಹೊಸ ಮಗು ಪರದೆಯ ಆಚೆ ನಿಂತಿದೆ. ಶಂಶಾದ್‌ಬೀ ಅವರ ನಗು ನಿಲ್ಲುತ್ತದೆ. ಕುದುರೆ ಡೇರೆಯ ಹಗ್ಗ ಕಡಿಯುತ್ತಿದೆ, ಅವರ ಕಣ್ಣು ಅಲ್ಲಿಯೇ ಇದೆ, ಆದರೆ ತಲೆ ಒಂದಿಷ್ಟು ವಾರೆಯಾಗಿದೆ. ಪರದೆ ಸರಿಯುವ ಸದ್ದು. ಆಮೇಲೆ ಒಂದು ಮಗು ಉಸಿರನ್ನು ಒಳಗೆಳೆದುಕೊಂಡು ಬಿಡದೇ ಇರುವ ಸದ್ದು. ಆ ಮುಖವನ್ನು ಪಂಪಾಪತಿ ನೋಡುತ್ತಿದ್ದಾನೆ.

ಮಡಿಲಲ್ಲಿದ್ದ ಕೈಗಳು ನೆಲಕ್ಕೆ ಊರುತ್ತವೆ. ಮಂಡಿ ಹಿಡಿದುಕೊಂಡು ಅವರು ಎದ್ದೇಬಿಡುತ್ತಾರೆ. ಬಗ್ಗಿಕೊಂಡು, ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬರದಂತೆ ಗೋಡೆಗುಂಟ ನಡೆದು ಪರದೆಯ ಬಳಿಗೆ ಬರುತ್ತಾರೆ. ಪಂಪಾಪತಿಯ ಕಣ್ಣು ಒದ್ದೆಯಾಗಿದೆ. ಅವರು ಅವನ ಕೈಯಿಂದ ಪರದೆಯ ಅಂಚು ಬಿಡಿಸಿಕೊಳ್ಳುತ್ತಾರೆ.

“ಸಾಕು ಬಿಡು. ಒಂದು ನಿನಗ ಕೊಟ್ಟೀನಿ.”

“ಸಿನಿಮಾ, ಚಾಚಿ?”

“ಕುದುರಿ ಎಲ್ಲಿಗೆ ಹೋಗ್ತೈತಿ? ನೀ ಹೊರಗ ಹೋಗಿ ಎರಡ್ನೇದ್ದನ್ನ ಕಳಿಸು.”

ಎರಡನೆಯದು ನಾಲ್ಕೈದು ವರ್ಷದ ಹುಡುಗಿ. ಬಾಗಿಲು ಮುಚ್ಚಿದ ಮೇಲೆ ಇಬ್ಬರೂ ಕತ್ತಲಲ್ಲಿ ನಿಲ್ಲುತ್ತಾರೆ. ಹುಡುಗಿ ಮೊದಲು ಅವರ ಒಂದು ಬೆರಳು ಹಿಡಿಯುತ್ತಾಳೆ, ಆಮೇಲೆ ಇಡೀ ಕೈ. ಶಂಶಾದ್‌ಬೀ ಪರದೆ ಸರಿಸಿ ಬಗ್ಗುತ್ತಾರೆ. ಒಳಗಿನ ಬೆಳಕು ಹುಡುಗಿಯ ಮುಖದ ಮೇಲೆ ಬಿದ್ದು ಆಡುತ್ತದೆ. ಗೋದಾಮಿನ ಮೂಲೆಯಲ್ಲಿ ಕೂತ ನಾನು ನೋಡುವುದು ಆ ಮಗುವಿನ ಪಕ್ಕದಿಂದ ಬಗ್ಗಿದ ಶಂಶಾದ್‌ಬೀ ಅವರ ಮುಖವನ್ನು. ಆಮೇಲೆ ಬಾಗಿಲಾಚೆಯ ಪಂಪಾಪತಿಗೆ ಕೇಳುವಂತೆ ಮೆಲ್ಲಗೆ ಹೇಳುತ್ತಾರೆ: “ಮಾತು ಉಳಿಸ್ಕೊಂಡಿ.”

ಐವರೂ ಒಳಗೆ ಬಂದ ಮೇಲೆ ನೋಡಿದರೆ ಹಸಿರು ಚಾಪೆಯ ತುದಿಯಲ್ಲಿ ಅವರು ಬಿಟ್ಟು ಬಂದ ಜಾಗ ತುಂಬಿದೆ. ಯಾವ ಮಾಯದಲ್ಲೋ ಗದ್ದೆಮ್ಮ ನುಸುಳಿ ಬಂದು ಅಲ್ಲಿ ಕೂತಿದ್ದಾಳೆ. ಬಾಯಿಗೆ ಸೆರಗು ಒತ್ತಿ ಹಿಡಿದುಕೊಂಡಿದ್ದಾಳೆ, ಮಾತು ಹೊರಬೀಳದಿರಲೆಂದು. ಹಿಂದಿನ ಸಾಲಿನಿಂದ ಅಂಜಲಿ ಅವ್ವನನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ಶಂಶಾದ್‌ಬೀ ಒಂದು ಹೆಜ್ಜೆ ಮುಂದಿಟ್ಟು, ನಿಂತು, ಮತ್ತೆ ಪರದೆಗೆ ಮರಳುತ್ತಾರೆ.

ಆಟ ಮುಗಿದು, ಗಾಡಿ ಮಸ್ಕಿಯ ಕಡೆ ಹೊರಟ ಮೇಲೆ ಅವರು ಗೋಡೆಯ ಚಿಂದಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತ ಬರುತ್ತಾರೆ, ಸಡಿಲಾದದ್ದನ್ನು ಬಿಗಿಮಾಡುತ್ತಾರೆ. ಮೊದಲಿಂದ ಕೊನೆಯವರೆಗೆ ಕೂತು ನೋಡುವ ಆಸೆ ಹಾಗೇ ಉಳಿಯಿತಲ್ಲ ಎಂದರೆ, ಬರುವ ಅಮಾವಾಸ್ಯೆಗೆ ನೋಡೋಣ ಎನ್ನುತ್ತಾರೆ. ಗೌಸ್‌ಸಾಬ್ ವೈರು ಸುತ್ತುತ್ತ ಕೆಮ್ಮುತ್ತಾರೆ.

“ಕುದುರಿ ಕಡೀಕ ಮನಿ ಮುಟ್ಟಿತಂತ. ಗದ್ದೆಮ್ಮ ಹೇಳಿದ್ಲು. ಕುಂತು ಕಂಡದ್ದೆಲ್ಲಾ ಒಂದೂ ಬಿಡದಂಗ ಹೇಳಿದ್ಲು,” ಎನ್ನುತ್ತಾರೆ ಶಂಶಾದ್‌ಬೀ, ಪರದೆಯನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಅವಚಿಕೊಂಡು. “ಪರದಿ ಹತ್ರ ನಾ ಕಂಡದ್ದನ್ನ ನಾ ಆಕಿಗೆ ಹೇಳ್ಲಿಲ್ಲ.”